ಜಾಲತಾಣದಲ್ಲಿ ಕ್ರೀಡಾಪಟುವಿನ ಆತ್ಮಚಿತ್ರಣ

ಕ್ರೀಡಾಪಟುವಿನ ಚಿತ್ರವನ್ನು ಲೋಕಕ್ಕೆ ಕಾಣಿಸುವ ಅಧಿಕಾರವು ಬಹುಕಾಲ ಪತ್ರಿಕೆ ಹಾಗೂ ದೂರದರ್ಶನಗಳ ಕೈಯಲ್ಲಿತ್ತು. ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಅದರ ಒಂದು ಪಾಲು ಕ್ರೀಡಾಪಟುವಿಗೇ ದೊರೆತಿದೆ. ಈ ಸ್ವಾತಂತ್ರ್ಯವನ್ನು ಸಕಲಾಂಗರೂ ಅಂಗವಿಕಲರೂ ಬಳಸಿಕೊಂಡ ಬಗೆ ವಿಚಾರಾರ್ಹವಾದುದು. ಲೋಕವು ತಮ್ಮಲ್ಲಿ ಕಾಣದೆ ಹೋದುದನ್ನು ಇಬ್ಬರೂ ಕಾಣಿಸಬಯಸುತ್ತಾರೆ.

ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 4 ಚಿನ್ನದ ಪದಕಗಳನ್ನು ಗೆದ್ದವರು. ಅವರ ದೇಹವು ಸೋಲನ್ನೇ ಅರಿಯದೆಂದು ಜನ ಭಾವಿಸಿದ್ದರು. 2021ರಲ್ಲಿ ಟೋಕಿಯೊದಲ್ಲಿ ತಂಡ ಸ್ಪರ್ಧೆಯ ನಡುವೆಯೇ ಅವರು ಹಿಂದೆ ಸರಿದಾಗ ಟೀಕೆಗಳೆದ್ದವು. ಗಾಳಿಯಲ್ಲಿ ತಿರುಗುವಾಗ ತಮ್ಮ ದೇಹ ಎಲ್ಲಿದೆಯೆಂಬ ಅರಿವೇ ತಪ್ಪುತ್ತಿರುವುದನ್ನು ಅವರು ಇನ್‌ಸ್ಟಾಗ್ರಾಮ್‌ನಲ್ಲಿ ವಿವರಿಸಿದರು. ಬಲಶಾಲಿಯೆನಿಸಿದವರು ತಮ್ಮ ಅಶಕ್ತಿಯನ್ನು ತಾವೇ ಹೇಳಿಕೊಂಡರು.

ಅಂಗವಿಕಲ ಕ್ರೀಡಾಪಟುವಿನ ಅಗತ್ಯ ಇದಕ್ಕೆ ವಿರುದ್ಧವಾದುದು. ಅವರ ಕೊರತೆಯೇ ಲೋಕದ ಕಣ್ಣಿಗೆ ಮೊದಲು ಬೀಳುತ್ತದೆ. ಪಾಲ್ಗೊಂಡುದೇ ದೊಡ್ಡದೆಂಬ ಮೆಚ್ಚುಗೆಯಲ್ಲಿ ಕರುಣೆಯಿರುವಷ್ಟು ಗೌರವವಿರುವುದಿಲ್ಲ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಮುನ್ನ ಹಲವು ಕ್ರೀಡಾಪಟುಗಳು, ತಾವು ಆ ಕೂಟದಲ್ಲಿ ಪಾಲ್ಗೊಳ್ಳುವುದಿಲ್ಲವೆಂದು ಜಾಲತಾಣಗಳಲ್ಲಿ ಪ್ರಕಟಿಸಿದರು. ಅಂತಾರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ಪ್ರಚಾರದ ಅಂಗವಾಗಿದ್ದ ಆ ಮಾತಿನ ಇಂಗಿತ ಇಷ್ಟೇ: ಅವರು ಬರುವುದು ಬರಿದೆ ಪಾಲ್ಗೊಳ್ಳಲಿಕ್ಕಲ್ಲ, ಸ್ಪರ್ಧಿಸಲಿಕ್ಕೆ.

ಜಮ್ಮು-ಕಾಶ್ಮೀರದ ಶೀತಲ್ ದೇವಿ ಹುಟ್ಟಿನಿಂದಲೇ ತೋಳುಗಳಿಲ್ಲದ ಬಿಲ್ಗಾರ್ತಿ. ಕಾಲಿನಲ್ಲಿ ಬಿಲ್ಲು ಹಿಡಿದು ಅವರು ಬಾಣ ಬಿಡುವ ದೃಶ್ಯವು ಜಾಲತಾಣಗಳಲ್ಲಿ ಅಸಂಖ್ಯ ಜನರನ್ನು ಬೆರಗುಗೊಳಿಸಿತು. ಆದರೆ ಆ ಬೆರಗಿನಲ್ಲಿ ಅವರ ಅಂಕಗಳು ಮರೆಯಾಗಬಾರದು. ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ ಅವರು 720ಕ್ಕೆ 703 ಅಂಕ ಗಳಿಸಿ, 698ರ ಹಳೆಯ ವಿಶ್ವದಾಖಲೆಯನ್ನು ಮೀರಿದರು. ಅದೇ ಸುತ್ತಿನಲ್ಲಿ ಟರ್ಕಿಯ ಸ್ಪರ್ಧಿ 704 ಗಳಿಸಿದರು. ಮುಂದೆ ಚಿಲಿಯ ಸ್ಪರ್ಧಿಯೆದುರು ಶೀತಲ್ 137-138ರಿಂದ, ಒಂದೇ ಅಂಕದಿಂದ, ಸೋತರು. ರಾಕೇಶ್ ಕುಮಾರರೊಡನೆ ಮಿಶ್ರ ತಂಡದಲ್ಲಿ ಕಂಚು ಗೆದ್ದರು. ಗೆಲುವನ್ನು ಗೆಲುವೆಂದೂ ಸೋಲನ್ನು ಸೋಲೆಂದೂ ಎಣಿಸುವುದೇ ಇಂಥ ಸ್ಪರ್ಧಿಗೆ ಸಲ್ಲಿಸುವ ನಿಜವಾದ ಗೌರವ.

ಜಾಲತಾಣವು ಚಿತ್ರವನ್ನು ಒದಗಿಸಬಲ್ಲುದೇ ಹೊರತು ನೋಟವನ್ನು ತಿದ್ದಲಾರದು. ಅದು ನೋಡುವವರ ಹೊಣೆ. ಶರಣರು ಕಾಯಕದಲ್ಲಿ ಮೇಲುಕೀಳೆಂಬ ಭೇದವನ್ನು ಒಪ್ಪಲಿಲ್ಲ. ಆ ಪರಂಪರೆಯ ನೆರಳಿನಲ್ಲಿ ಕಲಿಯುವ ವಿದ್ಯಾರ್ಥಿಗಳು ಕ್ರೀಡಾಪಟುವಿನ ಕಾಯಕ್ಕಿಂತ ಮೊದಲು ಅವರ ಕಾಯಕವನ್ನು ಕಾಣುವಂತಾಗಲಿ.