ಅತಿಥಿ ರ‍್ಯಾಂಚಿನ ಹಾಡುಗಾರರು: ಫ್ಲೈಯಿಂಗ್ ಡಬ್ಲ್ಯೂ ರ‍್ಯಾಂಗ್ಲರ್ಸ್ ತಂಡದ ಚರಿತ್ರೆ ಮತ್ತು ಧ್ವನಿಮುದ್ರಿಕೆಗಳು

ಅಮೆರಿಕದ ಪಶ್ಚಿಮ ಪ್ರಾಂತ್ಯದ ಕೌಬಾಯ್ ಸಂಗೀತವೆಂದೊಡನೆ ಎರಡು ಧಾರೆಗಳು ನೆನಪಿಗೆ ಬರುತ್ತವೆ. ಮೊದಲನೆಯದು, ದನಗಾಹಿಗಳ ಬಾಯಿಂದ ಸಂಗ್ರಹಿಸಿದ ಜನಪದ ಗೀತೆಗಳದು. ಎರಡನೆಯದು, ರೇಡಿಯೊ ಮತ್ತು ಚಲನಚಿತ್ರಗಳ ಮೂಲಕ ಪ್ರಸಿದ್ಧವಾದ ಗೀತೆಗಳದು. ಇವೆರಡನ್ನೂ ಬೆಸೆದುಕೊಂಡು, ಪ್ರವಾಸಿಗರ ಊಟದ ಪಂಕ್ತಿಯ ಎದುರಿನಲ್ಲಿ ಬೆಳೆದ ಮೂರನೆಯ ಧಾರೆಯೊಂದಿದೆ. ಅದು ಅತಿಥಿ ರ‍್ಯಾಂಚುಗಳ ಹಾಡುಗಾರರ ಪರಂಪರೆ. ಕೊಲರಾಡೊ ರಾಜ್ಯದ ಫ್ಲೈಯಿಂಗ್ ಡಬ್ಲ್ಯೂ ರ‍್ಯಾಂಗ್ಲರ್ಸ್ ತಂಡವನ್ನು ನಿದರ್ಶನವಾಗಿಟ್ಟುಕೊಂಡು ಈ ಪರಂಪರೆಯನ್ನೂ ಅದರ ಧ್ವನಿಮುದ್ರಿಕೆಗಳ ಮಹತ್ವವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಡ್ಯೂಡ್ ರ‍್ಯಾಂಚ್ ವ್ಯವಸ್ಥೆ

ರ‍್ಯಾಂಚ್ ಎಂದರೆ ದನ, ಕುದುರೆಗಳನ್ನು ಸಾಕುವ ವಿಸ್ತಾರವಾದ ಹುಲ್ಲುಗಾವಲು. ಪೂರ್ವದ ನಗರಗಳಿಂದ ಬರುತ್ತಿದ್ದ, ಕುದುರೆ ಸವಾರಿ ಅರಿಯದ ಪೇಟೆಯವರನ್ನು ಅಲ್ಲಿನವರು ‘ಡ್ಯೂಡ್’ ಎಂದು ಕರೆದರು. ಡಕೋಟಾ ಪ್ರದೇಶದಲ್ಲಿ ನೆಲೆಸಿದ್ದ ಈಟನ್ ಸಹೋದರರು 1880ರ ದಶಕದಲ್ಲಿ ಇಂತಹ ಅತಿಥಿಗಳಿಂದ ಹಣ ಪಡೆದು ವಸತಿ, ಊಟ ಒದಗಿಸತೊಡಗಿದರು. 1904ರಲ್ಲಿ ತಮ್ಮ ನೆಲೆಯನ್ನು ವಯೋಮಿಂಗ್‌ಗೆ ಬದಲಾಯಿಸಿದರು. 1926ರಲ್ಲಿ ಇಂತಹ ರ‍್ಯಾಂಚುಗಳ ಒಡೆಯರ ಸಂಘವೇ ಸ್ಥಾಪನೆಯಾಯಿತು. ಅತಿಥಿಗಳಿಗೆ ಹಗಲು ಕುದುರೆ ಸವಾರಿಯಿತ್ತು. ಇರುಳಿನ ಹೊತ್ತಿಗೆ ಹಾಡು ಬೇಕಾಯಿತು.

ಹಾಡಿನ ಮೂಲಗಳು

ದನದ ಮಂದೆಯನ್ನು ರಾತ್ರಿ ಕಾಯುವವನು ಅವು ಬೆದರದಿರಲೆಂದು ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದನು. ಅದು ಬಹುಮಟ್ಟಿಗೆ ಪಕ್ಕವಾದ್ಯವಿಲ್ಲದ ಒಂಟಿ ಗಾಯನ. ಜಾನ್ ಲೋಮ್ಯಾಕ್ಸ್ 1910ರಲ್ಲಿ ಇಂತಹ ಹಾಡುಗಳ ಸಂಕಲನವನ್ನು ಪ್ರಕಟಿಸಿದರು. 1925ರಲ್ಲಿ ಕಾರ್ಲ್ ಸ್ಪ್ರೇಗ್ ವಿಕ್ಟರ್ ಕಂಪನಿಗಾಗಿ ಕೌಬಾಯ್ ಹಾಡುಗಳನ್ನು ಹಾಡಿದರು. ಮೂರು ಕಂಠಗಳ ಹೊಂದಾಣಿಕೆಯ ಗಾಯನಕ್ಕೆ ಮಾದರಿ ಒದಗಿಸಿದುದು 1933ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೂಪುಗೊಂಡು ಮುಂದೆ ‘ಸನ್ಸ್ ಆಫ್ ದ ಪಯೊನೀರ್ಸ್’ ಎಂದು ಹೆಸರಾದ ತಂಡ. ಬಾಬ್ ನೋಲನ್, ಟಿಮ್ ಸ್ಪೆನ್ಸರ್ ಹಾಗೂ ಮುಂದೆ ರಾಯ್ ರೋಜರ್ಸ್ ಎಂದು ಪ್ರಸಿದ್ಧನಾದ ಲೆನಾರ್ಡ್ ಸ್ಲೈ ಅದರ ಸ್ಥಾಪಕರು. ಇವರು 1934ರಲ್ಲಿ ಡೆಕ್ಕಾ ಕಂಪನಿಗೆ ಹಾಡಿದ ನೋಲನ್ನರ ‘ಟಂಬ್ಲಿಂಗ್ ಟಂಬಲ್‌ವೀಡ್ಸ್’ ಈ ಶೈಲಿಯ ಹೆಗ್ಗುರುತಾಯಿತು. ಪಿಟೀಲು, ಗಿಟಾರ್, ನಿಂತು ನುಡಿಸುವ ದೊಡ್ಡ ಬಾಸ್ ವಾದ್ಯ, ನಡುನಡುವೆ ಕಂಠವನ್ನು ಥಟ್ಟನೆ ಮೇಲಿನ ಸ್ವರಕ್ಕೆ ಹಾರಿಸುವ ಯೋಡೆಲ್ ಪದ್ಧತಿ – ಈ ಪರಿಕರಗಳನ್ನೇ ರ‍್ಯಾಂಚಿನ ತಂಡಗಳೂ ಸ್ವೀಕರಿಸಿದವು. ಅಂದರೆ ಅತಿಥಿಗಳು ಹುಲ್ಲುಗಾವಲಿನ ಮೂಲ ದನಿಯೆಂದು ಕೇಳಿದ್ದು ಬಹುಪಾಲು ರೇಡಿಯೊ ಯುಗದಲ್ಲಿ ರೂಪು ತಳೆದ ಸಂಗೀತವನ್ನು.

ಫ್ಲೈಯಿಂಗ್ ಡಬ್ಲ್ಯೂ ತಂಡ

ಕೊಲರಾಡೊ ಸ್ಪ್ರಿಂಗ್ಸ್ ನಗರದ ಅಂಚಿನ ಬೆಟ್ಟಗಳ ತಪ್ಪಲಿನಲ್ಲಿರುವ ಫ್ಲೈಯಿಂಗ್ ಡಬ್ಲ್ಯೂ ಮೂಲತಃ ದನ ಸಾಕುವ ರ‍್ಯಾಂಚು. ರಸ್ ವುಲ್ಫ್ ದಂಪತಿಗಳು 1953ರಲ್ಲಿ ಇಲ್ಲಿ ಅತಿಥಿಗಳಿಗೆ ರಾತ್ರಿಯ ಊಟ ಬಡಿಸುವ ಪದ್ಧತಿಯನ್ನು ಆರಂಭಿಸಿದರು. ಇದನ್ನು ‘ಚಕ್ ವ್ಯಾಗನ್’ ಊಟವೆನ್ನುತ್ತಾರೆ. ಚಕ್ ವ್ಯಾಗನ್ ಎಂದರೆ ಮಂದೆಯೊಡನೆ ಸಾಗುತ್ತಿದ್ದ ಅಡುಗೆ ಬಂಡಿ. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಇದನ್ನು ರೂಪಿಸಿದನೆಂದು ಪ್ರತೀತಿ. ಇಲ್ಲಿ ಅತಿಥಿ ವಾರಗಟ್ಟಲೆ ತಂಗುವುದಿಲ್ಲ, ಒಂದು ಸಂಜೆ ಕಳೆದು ಹೋಗುತ್ತಾನೆ. ಡ್ಯೂಡ್ ರ‍್ಯಾಂಚಿನ ಅನುಭವವನ್ನು ಒಂದು ಸಂಜೆಗೆ ಇಳಿಸಿದ ರೂಪವಿದು. ತಗಡಿನ ತಟ್ಟೆಯಲ್ಲಿ ಮಾಂಸ, ಹುರುಳಿಕಾಯಿ ಬೀಜದ ಪಲ್ಯ, ಸುಟ್ಟ ಆಲೂಗಡ್ಡೆ. ಊಟ ಮುಗಿದ ಮೇಲೆ ರ‍್ಯಾಂಗ್ಲರ್ಸ್ ತಂಡದ ಹಾಡು ಮತ್ತು ಹಾಸ್ಯ.

ಈ ತಂಡವು ಸನ್ಸ್ ಆಫ್ ದ ಪಯೊನೀರ್ಸ್ ನಂತರ ಅತ್ಯಂತ ದೀರ್ಘಕಾಲ ಬಾಳಿದ ಪಶ್ಚಿಮ ಶೈಲಿಯ ತಂಡವೆಂದು ತನ್ನನ್ನು ಕರೆದುಕೊಂಡಿತು. ಅದರ ಪ್ರಭಾವ ಒಂದು ರ‍್ಯಾಂಚಿಗೆ ಸೀಮಿತವಾಗಲಿಲ್ಲ. ಆರಂಭಕಾಲದ ಹಾಡುಗಾರರಲ್ಲಿ ಸೈ ಸ್ಕಾರ್ಬರೊ 1969ರಲ್ಲಿ ಡುರಾಂಗೊ ಬಳಿಯ ಬಾರ್ ಡಿ ಸ್ಥಾಪಕರಲ್ಲೊಬ್ಬರಾದರು. ಬೇಬ್ ಹಂಫ್ರಿ 1970ರ ದಶಕದ ಕೊನೆಯಲ್ಲಿ ವಯೋಮಿಂಗ್‌ನ ಜಾಕ್ಸನ್ ಕಣಿವೆಯಲ್ಲಿ ಬಾರ್ ಜೆ ಸ್ಥಾಪಿಸಿದರು. ಎರಡೂ ಕಡೆ ರ‍್ಯಾಂಗ್ಲರ್ಸ್ ಎಂಬ ಹೆಸರಿನ ತಂಡಗಳೇ ಹಾಡಿದವು.

ಧ್ವನಿಮುದ್ರಿಕೆಗಳ ಸ್ವರೂಪ

1948ರಲ್ಲಿ ಎಲ್.ಪಿ. ಮುದ್ರಿಕೆ ಬಂದ ಮೇಲೆ, ಕಾಂತೀಯ ಟೇಪಿನ ನೆರವಿನಿಂದ ಸಣ್ಣ ತಂಡಗಳೂ ಸ್ವಂತ ಖರ್ಚಿನಲ್ಲಿ ಮಿತ ಸಂಖ್ಯೆಯ ಪ್ರತಿಗಳನ್ನು ಒತ್ತಿಸಿಕೊಳ್ಳುವುದು ಸಾಧ್ಯವಾಯಿತು. ರ‍್ಯಾಂಗ್ಲರ್ಸ್ ತಂಡವೂ ಇದೇ ಹಾದಿ ಹಿಡಿದು ಎಲ್.ಪಿ., ಕ್ಯಾಸೆಟ್, ಸಿ.ಡಿ.ಗಳನ್ನು ಹೊರತಂದಿತು. ಇವುಗಳ ಮುಖ್ಯ ಮಾರುಕಟ್ಟೆ ರ‍್ಯಾಂಚೇ. ಹಾಡು ಕೇಳಿ ಎದ್ದ ಅತಿಥಿ ಅಲ್ಲಿಯೇ ಮುದ್ರಿಕೆಯನ್ನು ಕೊಂಡು ದೂರದ ತನ್ನ ಊರಿಗೆ ಒಯ್ಯುತ್ತಿದ್ದನು. ಆದ್ದರಿಂದ ಇವುಗಳನ್ನು ಮಾರಾಟದ ಪಟ್ಟಿಗಳಿಂದ ಅಳೆಯಲಾಗದು. ಇವು ಒಂದು ನಿರ್ದಿಷ್ಟ ಸ್ಥಳದ, ಒಂದು ನಿರ್ದಿಷ್ಟ ಸಂಜೆಯ ಸ್ಮರಣಿಕೆಗಳು. ತಂಡದ ಸದಸ್ಯರು ಬದಲಾದಂತೆ ಕಂಠಗಳ ಹೊಂದಾಣಿಕೆಯೂ ಬದಲಾಗುವುದರಿಂದ, ಪ್ರತಿಯೊಂದು ಮುದ್ರಿಕೆಯೂ ಒಂದು ಕಾಲಘಟ್ಟದ ದಾಖಲೆ.

ಬೆಂಕಿ ಮತ್ತು ಉಳಿವು

ಈ ದಾಖಲೆಗಳ ಬೆಲೆ ತಿಳಿದುದು 2012ರಲ್ಲಿ. ಆ ವರ್ಷ ಜೂನ್ 23ರಂದು ಕಾಣಿಸಿಕೊಂಡ ವಾಲ್ಡೊ ಕ್ಯಾನ್ಯನ್ ಕಾಳ್ಗಿಚ್ಚು 26ರಂದು ಬಿರುಗಾಳಿಯೊಡನೆ ನಗರದ ಅಂಚಿಗೆ ನುಗ್ಗಿತು. 346 ಮನೆಗಳು ನಾಶವಾದವು, ಇಬ್ಬರು ಮೃತಪಟ್ಟರು. ಆರು ದಶಕಗಳ ರ‍್ಯಾಂಚಿನ ಕಟ್ಟಡಗಳು ಬಹುತೇಕ ಬೂದಿಯಾದವು. 2020ರಲ್ಲಿ ರ‍್ಯಾಂಚು ಮರುನಿರ್ಮಾಣಗೊಂಡು ತೆರೆಯಿತು. ಊಟದ ಬಳಿಕ ರ‍್ಯಾಂಗ್ಲರ್ಸ್ ಹಾಡುವ ಪದ್ಧತಿ ಮತ್ತೆ ಮೊದಲಾಯಿತು. ಆದರೆ ಹಳೆಯ ವೇದಿಕೆಯ ದನಿ ಉಳಿದಿರುವುದು ಅತಿಥಿಗಳು ಕೊಂಡೊಯ್ದ ಮುದ್ರಿಕೆಗಳಲ್ಲಿ ಮಾತ್ರ.

‘ಟಂಬ್ಲಿಂಗ್ ಟಂಬಲ್‌ವೀಡ್ಸ್’ನ 1934ರ ಮುದ್ರಣವು ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿ ರಕ್ಷಣೆ ಪಡೆದಿದೆ. ಪ್ರವಾಸಿಗರ ಮನೆಗಳಲ್ಲಿ ಚದುರಿಹೋದ ರ‍್ಯಾಂಚಿನ ಮುದ್ರಿಕೆಗಳಿಗೆ ಅಂತಹ ಆಶ್ರಯ ಸುಲಭವಲ್ಲ. ಕೊಂಡವರ ತಲೆಮಾರು ಅಳಿದಂತೆ ಅವೂ ಹಳೆಯ ಸಾಮಾನುಗಳೊಡನೆ ಕಣ್ಮರೆಯಾಗಬಹುದು. ಪ್ರವಾಸಿಗರಿಗಾಗಿ ಹಾಡಿದುದೆಂಬ ಕಾರಣಕ್ಕೆ ಈ ಸಂಗೀತವನ್ನು ಕೃತಕವೆಂದು ಬದಿಗಿಡುವುದು ತರವಲ್ಲ. ಗುರುವಿನಿಂದ ಶಿಷ್ಯನಿಗೆ, ಒಂದು ರ‍್ಯಾಂಚಿನಿಂದ ಇನ್ನೊಂದಕ್ಕೆ ಹರಿದುಬಂದ ಹಾಡುಗಾರಿಕೆ ತಾನೇ ಒಂದು ಪರಂಪರೆಯಾಗಿದೆ. ಅದರ ಚರಿತ್ರೆಯನ್ನು ಬರೆಯಬೇಕಾದವರು ಗ್ರಂಥಭಂಡಾರಗಳ ಜೊತೆಗೆ ಆ ಸಂಜೆಗಳಿಗೆ ಸಾಕ್ಷಿಯಾದವರ ಮನೆಯ ಕಪಾಟುಗಳನ್ನೂ ಆಕರವೆಂದು ಭಾವಿಸುವುದು ಅಗತ್ಯ.