ಡಾಕ್ಟರ ಮುಂದೆ ಒಂದು ಸುಳ್ಳು

ಹೋದ ವರ್ಷ ನಮ್ಮ ಚಾಳಿನ ಹುಡುಗನೊಬ್ಬ ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರು ಬಂದು, "ಬೀಡಿ, ಕುಡಿತ, ಗಾಂಜಾ ಏನಾದ್ರೂ ಇದೆಯಾ?" ಅಂತ ಕೇಳಿದರು. ಪಕ್ಕದಲ್ಲೇ ಅವನ ಅಪ್ಪ ನಿಂತಿದ್ದರು. "ಏನೂ ಇಲ್ಲ ಸಾರ್" ಅಂದುಬಿಟ್ಟ. ದಿನವೂ ಗಾಂಜಾ ಸೇದುತ್ತಿದ್ದವನು. ನನಗೆ ಗೊತ್ತಿತ್ತು, ನಾನೂ ಬಾಯಿ ಬಿಡಲಿಲ್ಲ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಆದರೆ ನೋವು ಮಾತ್ರ ಇಂಜೆಕ್ಷನ್ನಿಗೂ ಜಗ್ಗಲಿಲ್ಲ. ಎರಡನೆಯ ರಾತ್ರಿಯಿಂದ ನಿದ್ದೆಯಿಲ್ಲ, ಊಟ ಸೇರದು, ಎಲ್ಲರ ಮೇಲೂ ಸಿಡಿಮಿಡಿ. ಡಾಕ್ಟರು ಗಾಯಕ್ಕೆ ನಂಜು ತಗುಲಿದೆಯೋ ಅಂತ ಹುಡುಕುತ್ತಿದ್ದರು.

ಹೀಗೇಕೆ ಆಗುತ್ತದೆ? ನಾನು ಕಾಮರ್ಸ್ ವಿದ್ಯಾರ್ಥಿ, ಓದಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ನೋವನ್ನು ತಗ್ಗಿಸಲು ನಮ್ಮ ದೇಹವೇ ಗಾಂಜಾದಂಥ ಕೆಲವು ರಸಗಳನ್ನು ತಯಾರಿಸುತ್ತದೆ. ಅವು ಬಂದು ಕೂರುವ ಜಾಗಗಳು ನರಗಳಲ್ಲಿವೆ. ಗಾಂಜಾದಲ್ಲಿರುವ ಟಿ.ಎಚ್.ಸಿ. ಆ ಜಾಗಗಳಲ್ಲೇ ಹೋಗಿ ಕೂರುತ್ತದೆ. ದಿನವೂ ಸೇದಿದರೆ ಆ ಜಾಗಗಳು ಕಡಿಮೆಯಾಗಿ ಮೊಂಡಾಗುತ್ತವೆ. ಹೀಗೆ ಅಭ್ಯಾಸವಿದ್ದವರಿಗೆ ಅರಿವಳಿಕೆ ಹೆಚ್ಚು ಬೇಕಾಗಬಹುದು; ಆಮೇಲೆ ನೋವೂ ಹೆಚ್ಚು, ನೋವಿನ ಮದ್ದೂ ಹೆಚ್ಚು. ಒಮ್ಮೆಲೇ ನಿಂತರೆ ಒಂದೆರಡು ದಿನದಲ್ಲಿ ಚಡಪಡಿಕೆ ಶುರುವಾಗಿ, ಮೊದಲ ವಾರ ಜೋರಾಗಿರುತ್ತದೆ. ನಮ್ಮ ಹುಡುಗನಿಗೆ ಆದದ್ದೂ ಇದೇ.

ಅಮೆರಿಕದಲ್ಲಿ 2016ರಿಂದ 2019ರವರೆಗೆ ದೊಡ್ಡ ಆಪರೇಷನ್ ಆದವರಲ್ಲಿ ಗಾಂಜಾ ಚಟವಿದ್ದ ಸುಮಾರು 6,200 ಮಂದಿಯನ್ನು, ಚಟವಿಲ್ಲದ ಅಷ್ಟೇ ಮಂದಿಯ ಜೊತೆ ಹೋಲಿಸಿ ನೋಡಿದ್ದಾರೆ. ಸಾವು ಅಥವಾ ದೊಡ್ಡ ತೊಡಕು ಚಟವಿಲ್ಲದವರಲ್ಲಿ 100ಕ್ಕೆ 6.6, ಇದ್ದವರಲ್ಲಿ 7.7. ವ್ಯತ್ಯಾಸ ಭಾರೀ ಅಲ್ಲ, ಆದರೆ ತಳ್ಳಿಹಾಕುವಂಥದೂ ಅಲ್ಲ. ಸೇದಿದ ಕೂಡಲೇ ಎದೆಬಡಿತ ಏರುವುದರಿಂದ, ಸೇದಿ ಎರಡು ಗಂಟೆಯಾದರೂ ಕಳೆಯದೆ, ತುರ್ತಿಲ್ಲದ ಆಪರೇಷನ್ ಮಾಡಬಾರದೆಂದೂ, ಪ್ರತಿ ರೋಗಿಯನ್ನೂ ಈ ವಿಷಯ ಕೇಳಲೇಬೇಕೆಂದೂ ಅಲ್ಲಿನ ಅರಿವಳಿಕೆ ತಜ್ಞರ ಸಂಘವೊಂದು 2023ರಲ್ಲಿ ಸೂಚಿಸಿತು.

"ನಾನು ಹೋಳಿಗೆ ಭಾಂಗ್ ಕುಡಿಯೋದಷ್ಟೇ, ಅದು ಗಾಂಜಾ ಅಲ್ವಲ್ಲ" ಅನ್ನುವವರು ನಮ್ಮಲ್ಲಿ ಬಹಳ. 1985ರ ಕಾನೂನು ಗಾಂಜಾ ಎನ್ನುವುದು ಹೂತೆನೆಗೆ. ಬರೀ ಎಲೆ ಅದರಲ್ಲಿ ಸೇರಿಲ್ಲ, ನಿಜ. ಆದರೆ ಗಿಡ ಒಂದೇ, ಟಿ.ಎಚ್.ಸಿ.ಯೂ ಒಂದೇ. ಕುಡಿದದ್ದರ ಅಮಲು ನಿಧಾನವಾಗಿ ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದನ್ನೂ ಡಾಕ್ಟರಿಗೆ ಹೇಳಬೇಕು.

ಕೊನೆಗೆ ಮೂರನೆಯ ರಾತ್ರಿ, ಅಪ್ಪ ಚಹಾಕ್ಕೆ ಹೋದಾಗ, ನಾನೇ ಡಾಕ್ಟರಿಗೆ ಹೇಳಿಸಿದೆ. ಅವರು ಬೈಯಲಿಲ್ಲ. ಮದ್ದು ಬದಲಾಯಿಸಿದರು, ನಿಧಾನವಾಗಿ ಅವನಿಗೆ ನಿದ್ದೆ ಹತ್ತಿತು.

ಸಾಲ ಬಚ್ಚಿಟ್ಟ ಲೆಕ್ಕಪುಸ್ತಕ ನೋಡಿ ಯಾರೂ ವ್ಯಾಪಾರ ಉಳಿಸಲಾರರು, ಗೆಳೆಯರೇ. ಅಪ್ಪ ಅಮ್ಮ ಎದುರಿಗಿದ್ದರೆ, "ಡಾಕ್ಟ್ರೇ, ಒಂದು ನಿಮಿಷ ಒಬ್ಬನೇ ಮಾತಾಡಬೇಕು" ಅನ್ನಿ. ಅಷ್ಟು ಸಾಕು. ಅದನ್ನು ನಾನು ಮೊದಲ ದಿನವೇ ಅವನಿಗೆ ಹೇಳಿಕೊಡಬೇಕಿತ್ತು.