ಮಾಡುವ ಮೊದಲು ಹೇಳುವ ಯಂತ್ರ

2017ರ ಫೆಬ್ರುವರಿ 28ರಂದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಅಮೆಜಾನ್ ಕಂಪನಿಯ ‘ಎಸ್3’ ಸಂಗ್ರಹ ಸೇವೆ ಸುಮಾರು ನಾಲ್ಕು ಗಂಟೆ ಕಾಲ ನೆಲಕಚ್ಚಿತು. ಅದನ್ನು ನೆಚ್ಚಿಕೊಂಡಿದ್ದ ಜಾಲತಾಣಗಳೂ ಆ್ಯಪ್‌ಗಳೂ ಅದರೊಂದಿಗೇ ನಿಂತುಹೋದವು. ಸೇವೆಗಳ ಸ್ಥಿತಿಗತಿ ತಿಳಿಸುವ ಅಮೆಜಾನ್‌ನ ಫಲಕವೂ ಎಸ್3ಯನ್ನೇ ಅವಲಂಬಿಸಿದ್ದರಿಂದ ಆರಂಭದಲ್ಲಿ ಒಂದೊಂದು ಸೇವೆಯ ಸ್ಥಿತಿಯನ್ನು ಅದರಲ್ಲಿ ಬದಲಿಸುವುದಕ್ಕೂ ಆಗಲಿಲ್ಲ. ಕಂಪನಿ ಆಮೇಲೆ ಪ್ರಕಟಿಸಿದ ವಿವರಣೆಯ ಪ್ರಕಾರ, ಬಿಲ್ಲಿಂಗ್ ವ್ಯವಸ್ಥೆ ಏಕೆ ನಿಧಾನವಾಗಿದೆ ಎಂದು ಹುಡುಕುತ್ತಿದ್ದ ತಂಡದ ಸಿಬ್ಬಂದಿಯೊಬ್ಬರು ಕೆಲವೇ ಸರ್ವರ್‌ಗಳನ್ನು ತೆಗೆಯಲು ಒಂದು ಕಮಾಂಡ್ ಕೊಟ್ಟಿದ್ದರು. ಅದರಲ್ಲಿ ಟೈಪ್ ಮಾಡಿದ ಒಂದು ಅಂಶ ತಪ್ಪಿತ್ತು. ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಅವರಿಗೆ ಆ ಕೆಲಸದ ಅಧಿಕಾರವಿತ್ತು, ಅನುಸರಿಸಿದ್ದೂ ನಿಗದಿತ ಕ್ರಮವನ್ನೇ. ಬೆರಳು ತಪ್ಪುವುದು ಮನುಷ್ಯ ಸಹಜ. ತಪ್ಪಿದ ಬೆರಳಿಗೂ ಕುಸಿದ ಸೇವೆಗೂ ನಡುವೆ ಯಾವ ತಡೆಯೂ ಇಲ್ಲದಿದ್ದದ್ದು ಮಾತ್ರ ಸಾಧನದ ಕೊರತೆ. ಕ್ಲೌಡ್ ನಿರ್ವಹಿಸುವ ಕಮಾಂಡ್ ಲೈನ್ ಸಾಧನ ಎಷ್ಟು ಬೇಗ ಕೆಲಸ ಮುಗಿಸುತ್ತದೆ ಎಂದು ನೋಡುವ ಮೊದಲು, ತಾನು ಏನು ಮಾಡಲಿದ್ದೇನೆ ಎಂಬುದನ್ನು ಮುಂಚಿತವಾಗಿ ಎಷ್ಟು ನಿಖರವಾಗಿ ಹೇಳುತ್ತದೆ ಎಂದು ನೋಡಬೇಕು ಎಂಬುದು ನನ್ನ ವಾದ.

ಕಮಾಂಡ್ ಲೈನ್ ಎಂದರೆ ಚಿತ್ರ, ಗುಂಡಿಗಳ ಹಂಗಿಲ್ಲದೆ ಅಕ್ಷರಗಳಲ್ಲೇ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಕ್ರಮ. ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್‌ನ ಆರಂಭದ ವರ್ಷಗಳಲ್ಲಿ ಈ ಅಪ್ಪಣೆಗಳನ್ನು ಟೈಪ್ ಮಾಡುತ್ತಿದ್ದುದು ಕಾಗದದ ಮೇಲೆ ಮುದ್ರಿಸುವ ಟೆಲಿಟೈಪ್ ಯಂತ್ರಗಳಲ್ಲಿ. ಅಕ್ಷರಗಳು ನಿಧಾನವಾಗಿ ಮೂಡುತ್ತಿದ್ದ ಆ ಕಾಲಕ್ಕೆ ಚಿಕ್ಕ ಹೆಸರು, ಮಿತವಾದ ಮಾತು ಒಪ್ಪುತ್ತಿತ್ತು. ಕೆಲಸ ಸರಿಯಾಗಿ ಮುಗಿದರೆ ಏನೂ ಹೇಳದಿರುವುದು ಇಂದಿಗೂ ಅಲ್ಲಿನ ಸಂಪ್ರದಾಯ. ಫೈಲ್ ಅಳಿಸುವ ‘ಆರ್‌ಎಂ’ ಸಾಮಾನ್ಯವಾಗಿ ಕೇಳದೆಯೇ ಅಳಿಸುತ್ತದೆ. 2006ರಲ್ಲಿ ಅಮೆಜಾನ್ ಸಂಗ್ರಹಸ್ಥಳವನ್ನೂ ಸರ್ವರ್‌ಗಳನ್ನೂ ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡತೊಡಗಿದ ಮೇಲೆ ಆ ಮೌನದ ಬೆಲೆ ಏರಿತು. ಬೆಂಗಳೂರಿನಲ್ಲಿ ಕೂತು ಬರೆದ ಒಂದು ಸಾಲು ಮುಂಬಯಿಯ ಡೇಟಾ ಸೆಂಟರಿನಲ್ಲಿ ನೂರು ಸರ್ವರ್‌ಗಳನ್ನು ಎಬ್ಬಿಸಬಲ್ಲದು, ಇನ್ನೊಂದು ಸಾಲು ಅವನ್ನೆಲ್ಲ ಅಳಿಸಬಲ್ಲದು. ‘ಒಂದು ಸರ್ವರ್ ಕೊಡು’ ಎಂಬ ಅಪ್ಪಣೆ ಅಪ್ಪಿತಪ್ಪಿ ಎರಡು ಸಲ ಹೋದರೆ ಸರ್ವರ್‌ ಎರಡಾಗುತ್ತವೆ, ಬಾಡಿಗೆಯೂ ಎರಡರದ್ದು ಬರುತ್ತದೆ.

ಹ್ಯಾಶಿಕಾರ್ಪ್ ಕಂಪನಿ 2014ರಲ್ಲಿ ಹೊರತಂದ ಟೆರಾಫಾರ್ಮ್ ಈ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಬಿಡಿಸುತ್ತದೆ. ಇಲ್ಲಿ ಹೆಜ್ಜೆ ಹೆಜ್ಜೆಗೂ ಅಪ್ಪಣೆ ಕೊಡುವ ಬದಲು, ಕೊನೆಗೆ ಏನೇನು ಇರಬೇಕು ಎಂಬುದನ್ನು ಫೈಲಿನಲ್ಲಿ ಬರೆದಿಡುತ್ತಾರೆ. ‘ಪ್ಲಾನ್’ ಎಂದಾಗ ಸಾಧನ ಮೂರನ್ನು ಹೋಲಿಸುತ್ತದೆ: ಆ ಫೈಲು, ತಾನು ಹಿಂದೆ ಕಟ್ಟಿದ್ದರ ದಾಖಲೆ, ಮತ್ತು ಕ್ಲೌಡ್ ಕಂಪನಿಯನ್ನು ಕೇಳಿ ತಿಳಿದ ಈಗಿನ ವಾಸ್ತವ. ಕಂಡ ವ್ಯತ್ಯಾಸವನ್ನು, ಮನೆ ಕಟ್ಟುವ ಮುನ್ನ ಮೇಸ್ತ್ರಿ ಕೊಡುವ ಅಂದಾಜು ಪಟ್ಟಿಯಂತೆ, ಸಾಲುಸಾಲಾಗಿ ಮುಂದಿಡುತ್ತದೆ. ಹೊಸದಕ್ಕೆ ಕೂಡಿಸುವ ಚಿಹ್ನೆ, ಅಳಿಯುವುದಕ್ಕೆ ಕಳೆಯುವ ಚಿಹ್ನೆ, ಇದ್ದಲ್ಲೇ ಬದಲಾಗುವುದಕ್ಕೆ ಅಲೆಯಂಥ ಗೆರೆ. ಕೊನೆಯಲ್ಲಿ ಒಟ್ಟು ಲೆಕ್ಕ. ಆಮೇಲೆ ‘ಅಪ್ಲೈ’ ಎಂದು, ಪಟ್ಟಿ ಇನ್ನೊಮ್ಮೆ ಕಂಡಾಗ ‘ಯೆಸ್’ ಎಂದು ಪೂರ್ತಿ ಟೈಪ್ ಮಾಡಿದರೆ ಕೆಲಸ ಶುರು. ಏನೂ ಬದಲಾಗದಿರುವಾಗ ಅದೇ ಫೈಲನ್ನು ಮತ್ತೆ ಓಡಿಸಿದರೆ ಮಾಡುವುದೇನೂ ಇಲ್ಲ ಎನ್ನುತ್ತದೆ. ಎರಡನೆಯ ಸರ್ವರ್ ಹುಟ್ಟುವುದಿಲ್ಲ.

ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ನಕ್ಷೆಯನ್ನೂ ಸಾಧನವೇ ಕಟ್ಟಿಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದೆ ಅದರೊಳಗಿನ ಸರ್ವರ್ ಇರಲಾರದು. ಆದ್ದರಿಂದ ಕಟ್ಟುವಾಗ ನೆಟ್‌ವರ್ಕ್ ಮೊದಲು, ಕೆಡವುವಾಗ ಸರ್ವರ್ ಮೊದಲು. ಪರಸ್ಪರ ಸಂಬಂಧವಿಲ್ಲದ ಕೆಲಸಗಳು, ಬೇರೆ ಸೂಚನೆ ಇಲ್ಲದಿದ್ದರೆ, ಒಮ್ಮೆಗೆ 10ರವರೆಗೆ ನಡೆಯುತ್ತವೆ. ಮನುಷ್ಯನ ಊಹೆ ಸೋಲುವ ಕಡೆ ಈ ಲೆಕ್ಕಾಚಾರದ ಬೆಲೆ ತಿಳಿಯುತ್ತದೆ. ಫೈಲಿನಲ್ಲಿ ಒಂದು ಡೇಟಾಬೇಸ್‌ಗೆ ಕೊಟ್ಟ ಹೆಸರನ್ನಷ್ಟೇ ಬದಲಿಸಿದರೆ ನಮಗೆ ಅದು ಬರೀ ತಿದ್ದುಪಡಿ. ಸಾಧನದ ಕಣ್ಣಿಗೆ, ಇದು ಸ್ಥಳಾಂತರ ಎಂದು ಪ್ರತ್ಯೇಕವಾಗಿ ಬರೆಯದಿದ್ದರೆ, ಹಳೆಯ ಡೇಟಾಬೇಸ್ ಹೋಗಬೇಕು, ಹೊಸದು ಬರಬೇಕು. ಪಟ್ಟಿಯಲ್ಲಿ ಒಂದು ಕಳೆಯುವ ಚಿಹ್ನೆ ಕಂಡಾಗ ಕೈ ತಡೆಯುತ್ತದೆ, ಒಳಗಿದ್ದ ಮಾಹಿತಿ ಉಳಿಯುತ್ತದೆ.

ಚಿತ್ರಗಳಿರುವ ವೆಬ್ ಪುಟದಲ್ಲಿ ಗುಂಡಿ ಒತ್ತುವುದು ಇದಕ್ಕಿಂತ ಸುಲಭವಲ್ಲವೇ ಎಂದು ಕೇಳಬಹುದು. ಮೊದಲ ಸರ್ವರ್‌ಗೆ ಅದು ನಿಜ, ಕಲಿಯುವವರಿಗೆ ಅದೇ ಒಳ್ಳೆಯ ದಾರಿ. ಗುಂಡಿ ಒತ್ತಿದ್ದು ಕಂಪನಿಯ ಲಾಗ್‌ನಲ್ಲಿ ದಾಖಲಾಗುತ್ತದೆ, ಆದರೆ ಒತ್ತುವ ಮೊದಲು ಸಹೋದ್ಯೋಗಿ ಓದಿ ‘ಇಲ್ಲಿ ತಪ್ಪಿದೆ’ ಎನ್ನಲು ಅಲ್ಲಿ ಬರಹವೇ ಇರುವುದಿಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ದಿನವೂ ಪಟ್ಟಿ ನೋಡುವವರು ಓದದೆಯೇ ‘ಯೆಸ್’ ಎನ್ನತೊಡಗುತ್ತಾರೆ. ಇದನ್ನು ಒಪ್ಪಲೇಬೇಕು. ಆದ್ದರಿಂದಲೇ ಪಟ್ಟಿಯ ಹಿಂದೆ ಇನ್ನೊಂದು ತಡೆ ಇರಬೇಕು. 2017ರ ಘಟನೆಯ ನಂತರ ಅಮೆಜಾನ್ ಆ ಸಾಧನವನ್ನೇ ತಿದ್ದಿ, ಸರ್ವರ್‌ಗಳನ್ನು ನಿಧಾನವಾಗಿ ತೆಗೆಯುವಂತೆಯೂ ಯಾವ ಉಪವ್ಯವಸ್ಥೆಯೂ ಕನಿಷ್ಠ ಸಾಮರ್ಥ್ಯದ ಕೆಳಗೆ ಇಳಿಯದಂತೆಯೂ ಮಾಡಿತು. ಟೆರಾಫಾರ್ಮ್‌ನಲ್ಲೂ ‘ಇದನ್ನು ಅಳಿಸಕೂಡದು’ ಎಂದು ಗುರುತು ಹಾಕಿದರೆ, ಅಳಿಸುವ ಯೋಜನೆಯನ್ನು ಅದು ತಿರಸ್ಕರಿಸುತ್ತದೆ. ಮೂರನೆಯದು, ಪಟ್ಟಿ ತಯಾರಾದ ಮೇಲೆ ಕ್ಲೌಡ್ ಬದಲಾದರೆ? ಉಳಿಸಿಟ್ಟ ಪಟ್ಟಿಯನ್ನು ಜಾರಿಗೊಳಿಸುವ ಹೊತ್ತಿಗೆ ಸಾಧನದ ದಾಖಲೆ ಬದಲಾಗಿದ್ದರೆ, ಪಟ್ಟಿ ಹಳತಾಯಿತೆಂದು ಅದು ನಿಲ್ಲುತ್ತದೆ. ಇಬ್ಬರು ಒಟ್ಟಿಗೆ ಕೈ ಹಾಕದಂತೆ ದಾಖಲೆಗೆ ಬೀಗವನ್ನೂ ಹಾಕಬಹುದು. ಆದರೆ ಯಾರೋ ವೆಬ್ ಪುಟದಿಂದ ನೇರವಾಗಿ ಮಾಡಿದ ಬದಲಾವಣೆಯನ್ನು ಈ ತಪಾಸಣೆ ಹಿಡಿಯದು. ಬದಲಾವಣೆಗೆ ಒಂದೇ ಬಾಗಿಲು ಎಂಬ ಶಿಸ್ತನ್ನು ತಂಡವೇ ಪಾಲಿಸಬೇಕು.

ಇಂಥ ಸಾಧನವನ್ನು ತಮ್ಮ ತಂಡಕ್ಕಾಗಿ ಬರೆಯಹೊರಟವರು ಸಾಮಾನ್ಯವಾಗಿ ಕೆಲಸ ಮಾಡುವ ಭಾಗವನ್ನು ಮೊದಲು ಬರೆಯುತ್ತಾರೆ, ಮುನ್ನೋಟವನ್ನು ಆಮೇಲೆ ಅಂಟಿಸುತ್ತಾರೆ. ಹಾಗೆ ಅಂಟಿಸಿದಾಗ ಹೇಳುವ ಕೋಡ್ ಒಂದು, ಮಾಡುವ ಕೋಡ್ ಇನ್ನೊಂದಾಗಿ, ಎರಡರ ನಡುವೆ ಬಿರುಕು ಬೀಳುತ್ತದೆ. ಯೋಜನೆಯನ್ನೇ ಮೊದಲು ಬರೆದು, ಅದರಲ್ಲಿರುವುದನ್ನಷ್ಟೇ ಮಾಡುವಂತೆ ಉಳಿದದ್ದನ್ನು ಕಟ್ಟಿದರೆ ಹೇಳಿದ್ದೂ ಮಾಡಿದ್ದೂ ಒಂದೇ ಆಗಿರುತ್ತದೆ. ಇಂದು ಇಂಥ ಕಮಾಂಡ್‌ಗಳನ್ನು ಮನುಷ್ಯರಷ್ಟೇ ಅಲ್ಲ, ಅವರ ಪರವಾಗಿ ಬೇರೆ ಪ್ರೋಗ್ರಾಮ್‌ಗಳೂ ಓಡಿಸುತ್ತಿವೆ. ಅವುಗಳಿಗೆ ಅನುಮಾನವೂ ಬರುವುದಿಲ್ಲ, ಕೈಯೂ ನಡುಗುವುದಿಲ್ಲ. ಆದ್ದರಿಂದ ಮುಂಚಿತವಾಗಿ ಹೇಳುವ, ಮಿತಿ ಮೀರಿದಾಗ ಒಲ್ಲೆ ಎನ್ನುವ ಗುಣವನ್ನು ಸಾಧನದೊಳಗೇ ಕಟ್ಟುವುದು ಅದನ್ನು ರೂಪಿಸುವವರ ಮೊದಲ ಹೊಣೆ.